ಸಂತ ಬ್ರಿಜಿಡರ ಜೊಂಡಿನ ಶಿಲುಬೆ

ಐರ್ಲೆಂಡಿನ ರೈತರಿಗೆ ವಸಂತಕಾಲ ಆರಂಭವಾಗುತ್ತಿದ್ದುದು ಫೆಬ್ರವರಿ 1ರಂದು, ಸಂತ ಬ್ರಿಜಿಡರ ಹಬ್ಬದಂದು. ಹಿಂದಿನ ಸಂಜೆ ಮನೆಮಂದಿಯೆಲ್ಲ ಕೂತು ಜೊಂಡು ಹೆಣೆದು ಶಿಲುಬೆ ಮಾಡಿ ಬಾಗಿಲ ಮೇಲೆ ಸಿಕ್ಕಿಸುತ್ತಿದ್ದರು. ಹುಲ್ಲುಚಾವಣಿಯ ಮನೆಗಳಿಗೆ ಬೆಂಕಿಯದೇ ಭಯ; ಶಿಲುಬೆ ಕಾಯುವುದೆಂಬ ನಂಬಿಕೆ. ರಾತ್ರಿ ಹೊರಗಿಟ್ಟ ತುಂಡು ಬಟ್ಟೆಯನ್ನು ಸಂತರು ಹಾದುಹೋಗುತ್ತಾ ಹರಸುವರಂತೆ. ಆಮೇಲೆ ತಲೆನೋವಿಗೂ ಹೆರಿಗೆಗೂ ಅದೇ ಬಟ್ಟೆ!

ಇದು ಕ್ರೈಸ್ತಪೂರ್ವದ ಇಂಬೊಲ್ಕ್ ಹಬ್ಬ, ಬ್ರಿಜಿಡ್ ಎಂಬ ದೇವತೆಯನ್ನೇ ಧರ್ಮಸಭೆ ಸಂತಳಾಗಿಸಿತು ಎನ್ನುವವರಿದ್ದಾರೆ. ಹೆಸರೂ ಒಂದೇ, ಋತುವೂ ಒಂದೇ, ನಾವು ಅಲ್ಲಗಳೆಯಲಾರೆವು. ಆದರೆ 7ನೇ ಶತಮಾನದಲ್ಲಿ ಕೊಗಿಟೋಸಸ್ ಎಂಬ ಸನ್ಯಾಸಿ ಕಿಲ್ಡೇರಿನ ದೇವಾಲಯವನ್ನು ವರ್ಣಿಸುತ್ತಾ, ಬಲಿಪೀಠದ ಒಂದು ಬದಿಗೆ ಬಿಷಪ್ ಕಾನ್ಲೆತರ ಸಮಾಧಿ, ಇನ್ನೊಂದು ಬದಿಗೆ ಬ್ರಿಜಿಡರ ಸಮಾಧಿ ಇದ್ದುದನ್ನು ಬರೆದಿಟ್ಟಿದ್ದಾನೆ. ದೇವತೆಗೆಲ್ಲಿಯ ಸಮಾಧಿ?

2023ರಿಂದ ಐರ್ಲೆಂಡ್ ಸರ್ಕಾರವೂ ಬ್ರಿಜಿಡರ ಹೆಸರಿನಲ್ಲಿ ರಜೆ ನೀಡುತ್ತಿದೆ.