ಡೆಲವೇರ್ ಕೊಲ್ಲಿಯಲ್ಲಿ 'ಹೈದರ್ ಅಲಿ'

ಮೈಸೂರಿನ ಯಾದವಗಿರಿಯಿಂದ ಪಡುವಣ ಕಡಲಿಗೆ ಯಾವ ದಾರಿ ಹಿಡಿದರೂ ಘಟ್ಟ ಇಳಿಯಲೇಬೇಕು. ಇಂಥ ಒಳನಾಡನ್ನು ಆಳಿದವನ ಹೆಸರು ಅಮೆರಿಕದ ಸ್ವಾತಂತ್ರ್ಯ ಸಮರದ ಹಡಗೊಂದಕ್ಕೆ ಅಂಟಿಕೊಂಡದ್ದು ಇತಿಹಾಸದ ಕುತೂಹಲಗಳಲ್ಲಿ ಒಂದು.

1776ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಹದಿಮೂರು ವಸಾಹತುಗಳ ನೌಕಾಪಡೆ ತೀರ ಚಿಕ್ಕದು. 1782ರ ಹೊತ್ತಿಗೆ ಅದರ ಬಹುಪಾಲು ಹಡಗುಗಳು ಶತ್ರುವಿನ ವಶವಾಗಿದ್ದವು, ಇಲ್ಲವೇ ನಾಶವಾಗಿದ್ದವು. ಹಿಂದಿನ ವರ್ಷ ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷ್ ಸೈನ್ಯ ಶರಣಾಗಿದ್ದರೂ ಫಿಲಡೆಲ್ಫಿಯಾದ ವ್ಯಾಪಾರಿ ಹಡಗುಗಳಿಗೆ ಡೆಲವೇರ್ ಕೊಲ್ಲಿಯನ್ನು ದಾಟುವುದೇ ಗಂಡಾಂತರವಾಗಿತ್ತು. ಆಗ ಪೆನ್ಸಿಲ್ವೇನಿಯಾ ರಾಜ್ಯವು ಸರಕಿನ ಹಡಗೊಂದಕ್ಕೆ 16 ತೋಪುಗಳನ್ನು ಏರಿಸಿ ಕಾವಲಿಗೆ ಇಳಿಸಿತು. ಅದರ ಹೆಸರೇ 'ಹೈದರ್ ಅಲಿ'.

ಹೆಸರಿಗೆ ಕಾರಣವಿತ್ತು. 1780ರ ಸೆಪ್ಟೆಂಬರ್ 10ರಂದು ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಕರ್ನಲ್ ಬೈಲಿಯ ಪಡೆಯನ್ನು ನುಚ್ಚುನೂರು ಮಾಡಿತ್ತು. ಅಮೆರಿಕನ್ನರಿಗೂ ಮೈಸೂರಿಗೂ ಶತ್ರು ಒಬ್ಬನೇ. ಮಿತ್ರನೂ ಒಬ್ಬನೇ, ಫ್ರಾನ್ಸ್.

1782ರ ಏಪ್ರಿಲ್ 8ರಂದು ಈ ಹಡಗಿಗೆ ತನಗಿಂತ ಬಲಿಷ್ಠವಾದ 'ಜನರಲ್ ಮಾಂಕ್' ಎದುರಾಯಿತು. ನಾಯಕ ಜೋಶುವಾ ಬಾರ್ನಿಗೆ ಆಗಿನ್ನೂ 22 ವರ್ಷ. ತಾನು ಕೂಗಿ ಹೇಳುವ ಆಜ್ಞೆಗೆ ವಿರುದ್ಧವಾಗಿ ಚುಕ್ಕಾಣಿ ತಿರುಗಿಸುವಂತೆ ಆತ ನಾವಿಕನಿಗೆ ಮೊದಲೇ ಗುಟ್ಟಾಗಿ ತಿಳಿಸಿದ್ದ. ಕೂಗನ್ನು ನಂಬಿದ ಶತ್ರು ಮೋಸಹೋದ. ಎರಡೂ ಹಡಗುಗಳ ಹಗ್ಗ, ಮರಗಳು ಸಿಕ್ಕಿಕೊಂಡವು. ಅರ್ಧ ಗಂಟೆಯೊಳಗೆ 'ಮಾಂಕ್' ಶರಣಾಯಿತು. ಅದು ಬ್ರಿಟಿಷರು 1780ರಲ್ಲಿ ಅಮೆರಿಕನ್ನರಿಂದ ಕಸಿದಿದ್ದ 'ಜನರಲ್ ವಾಷಿಂಗ್ಟನ್' ಹಡಗು! 'ಹೈದರ್ ಅಲಿ'ಯು 'ವಾಷಿಂಗ್ಟನ್'ನನ್ನು ಬಿಡಿಸಿ ತಂದಿತು.

ಆದರೆ ಹೈದರನ ಸ್ವಂತ ಹಡಗುಗಳ ಗತಿ ಬೇರೆ. 1763ರಲ್ಲಿ ಬಿದನೂರನ್ನು ಗೆದ್ದಾಗ ಅವನಿಗೆ ಮಂಗಳೂರು ಬಂದರು ದಕ್ಕಿತು. ನೌಕಾಪಡೆ ಕಟ್ಟುವ ಆಸೆಯೂ ಚಿಗುರಿತು. ಆ ಪಡೆಯ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಬ್ರಿಟಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್ ಮಂಗಳೂರಿನಲ್ಲೇ ನಾಶಮಾಡಿದ.

ಚಿಕ್ಕ ನೌಕಾಪಡೆ ಕಾವಲು ಕಾಯಬಲ್ಲದು, ವ್ಯಾಪಾರ ಉಳಿಸಬಲ್ಲದು. ಕಡಲನ್ನು ಗೆಲ್ಲಲು ದೊಡ್ಡ ಪಡೆಯೇ ಬೇಕು. ಯಾರ್ಕ್‌ಟೌನ್‌ಗೆ ಬ್ರಿಟಿಷರ ನೆರವು ತಲುಪದಂತೆ ತಡೆದದ್ದು ಫ್ರೆಂಚ್ ಹಡಗುಗಳು. ಮೈಸೂರಿಗೂ 1782ರಲ್ಲಿ ಸಫ್ರೆನ್‌ನ ನೇತೃತ್ವದಲ್ಲಿ ಫ್ರೆಂಚ್ ನೆರವು ಬಂತು. ಆದರೆ 1783ರಲ್ಲಿ ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಮುಟ್ಟಿದೊಡನೆ ಫ್ರೆಂಚರು ಕೈಬಿಟ್ಟರು. ಹೈದರ್ ಅದಾಗಲೇ, 1782ರ ಡಿಸೆಂಬರಿನಲ್ಲಿ, ತೀರಿಕೊಂಡಿದ್ದ. ಒಂಟಿಯಾದ ಟಿಪ್ಪು 1784ರ ಮಾರ್ಚ್‌ನಲ್ಲಿ ಮಂಗಳೂರಿನಲ್ಲಿ ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡ.

ಅದೇ ಮಿತ್ರ, ಅದೇ ಶತ್ರು. ಅಮೆರಿಕಕ್ಕೆ ಸ್ವಾತಂತ್ರ್ಯ ಸಿಕ್ಕಿತು. ಮೈಸೂರಿಗೆ ಸಿಕ್ಕಿದ್ದು ಕೆಲವೇ ವರ್ಷಗಳ ಬಿಡುವು.