ಯಂತ್ರದ ಹಣೆಬರಹ

ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಸುಮಾರು ಎರಡು ವರ್ಷ ಕಾಲ ದಿನವೂ ಜನವರಿ ಒಂದನೆಯ ತಾರೀಖೇ ಇರುತ್ತಿತ್ತು. ಅದೂ 2002ನೆಯ ಇಸವಿಯ ಜನವರಿ. ಹೊರಗೆ ಹುನಗುಂದದ ಬಿಸಿಲು ಕಾಯುತ್ತಿರಲಿ, ಮೃಗಶಿರ ಮಳೆ ಹನಿಯುತ್ತಿರಲಿ, ಒಳಗಿನ ಹತ್ತು ಯಂತ್ರಗಳಲ್ಲಿ ಆರಕ್ಕೆ ನಿತ್ಯವೂ ಹೊಸ ವರ್ಷ. ಗುಂಡಿ ಒತ್ತಿದೊಡನೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ದೂರು ಬರೆದು ಅವು ನಿಂತುಬಿಡುತ್ತಿದ್ದವು. ಎಫ್ 1 ಎಂಬ ಕೀಲಿಯನ್ನು ಒತ್ತಿದರೆ ಮುಂದಕ್ಕೆ ಸಾಗುತ್ತಿದ್ದವು. “ಟೀಚರ್ರಿ, ಹೊಸಾ ವರ್ಷದ ಶುಭಾಶಯರೀ” ಎಂದು ಮಕ್ಕಳು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಇತಿಹಾಸ ಹೇಳಿಕೊಡುವವಳು ಆ ನಗೆಗೆ ಎಷ್ಟು ಬೆಲೆ ತೆರಬೇಕಾಯಿತೆಂಬುದು ಆಮೇಲೆ ತಿಳಿಯಿತು.

2011 ಮತ್ತು 2012ರ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನೊಂದು ಕೆಲಸ ಹಚ್ಚಿದ್ದೆ. ಕೃಷ್ಣೆಯ ಹಿನ್ನೀರಿಗೆ ಊರು, ಓಣಿ ಬಿಟ್ಟು ಬಂದ ಹಿರಿಯರು ನಮ್ಮ ಸುತ್ತ ಅನೇಕರಿದ್ದಾರೆ. ಅವರಲ್ಲಿಗೆ ಹೋಗಿ, ಮನೆಯ ಬಾಗಿಲು ಯಾವ ದಿಕ್ಕಿಗಿತ್ತು, ನೀರು ಎಲ್ಲಿಂದ ತರುತ್ತಿದ್ದಿರಿ, ಕೊನೆಯ ದಿನ ಏನನ್ನು ಹೊತ್ತುಕೊಂಡು ಬಂದಿರಿ ಎಂದು ಕೇಳಿ, ಅವರ ಮಾತಿನಲ್ಲಿಯೇ ಬರೆದುಕೊಂಡು ಬರಬೇಕು. ಅದನ್ನು ಶಾಲೆಯ ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಬೇಕು. ಹೀಗೆ 23 ಬರಹಗಳಾದವು. ತಾರೀಖನ್ನು ಕಡತದೊಡನೆ ಯಂತ್ರವೇ ಬರೆದಿಡುತ್ತದೆ ಎಂದು ನಾನು ಮಕ್ಕಳಿಗೆ ಹೇಳಿದ್ದೆ. ಯಂತ್ರ ಬರೆದಿಟ್ಟಿತ್ತು, ನಿಜ. ಆರು ಯಂತ್ರಗಳ ಎಲ್ಲ ಕಡತಗಳಿಗೂ ಒಂದೇ ದಿನ: 2002ರ ಜನವರಿ 1.

ಒಂದು ಮಧ್ಯಾಹ್ನ ಹೆಣ್ಣುಮಗಳೊಬ್ಬಳು ಶಾಲೆಗೆ ಬಂದಳು. ಹಳೆಯ ಬಾಗಲಕೋಟೆಯ ತಮ್ಮ ಓಣಿಯನ್ನು ಮನೆ ಮನೆಯಾಗಿ ಹೇಳಿದ್ದ ಮುದುಕಿಯೊಬ್ಬರ ಮೊಮ್ಮಗಳು ಅವಳು. ಅಜ್ಜಿ ತೀರಿಕೊಂಡಿದ್ದರು. ಕೊನೆಯ ತಿಂಗಳುಗಳಲ್ಲಿ ಅವರಿಗೆ ಮರೆವು ಬಂದು, ಮನೆಯವರ ಗುರುತೂ ಹತ್ತುತ್ತಿರಲಿಲ್ಲವಂತೆ. “ಅಜ್ಜಿ ಇದನ್ನ ಯಾವಾಗ ಹೇಳ್ಯಾಳ್ರಿ? ಮರಿಯೂಕಿಂತ ಮೊದಲೋ, ಆಮ್ಯಾಲೋ?” ಎಂದು ಕೇಳಿದಳು. ಬರಹದಲ್ಲಿದ್ದುದು ಅಜ್ಜಿಯ ಗಟ್ಟಿ ನೆನಪೋ, ಬೇನೆಯ ಕನವರಿಕೆಯೋ ಎಂಬುದು ಅವಳಿಗೆ ತಿಳಿಯಬೇಕಾಗಿತ್ತು. ನಾನು ಪರದೆಯನ್ನು ನೋಡಿದೆ. ನನ್ನಲ್ಲಿ ಉತ್ತರವಿರಲಿಲ್ಲ.

ಈ ತಪ್ಪು ಯಂತ್ರದಲ್ಲಿ ಎಲ್ಲಿ ಕುಳಿತಿದೆ ಎಂದು ಹುಡುಕಲು ಹೊರಟವಳಿಗೆ ಒಂದು ಚಿಕ್ಕ ಇತಿಹಾಸವೇ ಸಿಕ್ಕಿತು.

ಕಂಪ್ಯೂಟರಿಗೆ ವಿದ್ಯುತ್ತು ಬಂದ ಕ್ಷಣದಲ್ಲಿ ಅದಕ್ಕೆ ಏನೂ ಗೊತ್ತಿರುವುದಿಲ್ಲ. ತನಗೆ ಎಷ್ಟು ನೆನಪಿನ ಶಕ್ತಿಯಿದೆ, ಮೊದಲು ಯಾವ ಡಿಸ್ಕನ್ನು ತೆರೆಯಬೇಕು, ಇಂದು ಯಾವ ದಿನ ಎಂಬುದನ್ನು ಯಾರಾದರೂ ಹೇಳಬೇಕು. ಹೇಳುವುದು ತಾಯಿಹಲಗೆಯ ಮೇಲಿನ ಚಿಪ್ಪಿನಲ್ಲಿ ಬರೆದಿಟ್ಟ ಒಂದು ಸಣ್ಣ ಕಾರ್ಯಕ್ರಮ. ಅದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಹಳೆಯ ಪಿಸಿಗಳಲ್ಲಿ ಅದರ ಹೆಸರು ಬಯಾಸ್. 1970ರ ದಶಕದ ನಡುವೆ ಗ್ಯಾರಿ ಕಿಲ್ಡಾಲ್ ಎಂಬ ಅಮೆರಿಕದವರು ತಮ್ಮ ಸಿಪಿಎಂ ವ್ಯವಸ್ಥೆಗಾಗಿ ಇಟ್ಟ ಹೆಸರು ಅದು. ಇಳಕಲ್ಲಿನ ನಮ್ಮ ನೇಕಾರರ ಮಗ್ಗ ನೋಡಿದವರಿಗೆ ಇದು ಬೇಗ ತಿಳಿದೀತು. ಒಡಲಿನ ಹಾಸಿಗೆ ಸೆರಗಿನ ರೇಷ್ಮೆಯ ಹಾಸನ್ನು ಕೊಂಡಿ ಹಾಕಿ ಕೂಡಿಸುವ ಕೆಲಸವೆಲ್ಲ ನೇಯ್ಗೆಗೆ ಮೊದಲೇ ಮುಗಿದಿರುತ್ತದೆ. ಲಾಳಿ ಓಡತೊಡಗಿದ ಮೇಲೆ ಹೊಕ್ಕಿನ ಬಣ್ಣ ಬದಲಿಸಬಹುದು, ಹಾಸನ್ನಲ್ಲ. ನಾವು ಪರದೆಯ ಮೇಲೆ ಮಾಡುವುದೆಲ್ಲ ಹೊಕ್ಕು; ಫರ್ಮ್‌ವೇರಿನ ಸೆಟ್ಟಿಂಗುಗಳು ಹಾಸು. ನಾನಂತೂ ಅವನ್ನು ಯಂತ್ರದ ಹಣೆಬರಹ ಎಂದೇ ತಿಳಿದಿದ್ದೆ. ಯಾರೋ ಬರೆದದ್ದು, ನಮಗೆ ಓದಲು ಬಾರದ್ದು, ಅಳಿಸಲು ಆಗದ್ದು.

ಮೊದಮೊದಲು ಈ ಬರಹವನ್ನು ಬೆರಳಿನಿಂದಲೇ ಬರೆಯಬೇಕಾಗಿತ್ತು. 1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ಹೊರತಂದ ಪರ್ಸನಲ್ ಕಂಪ್ಯೂಟರಿನ ಹಲಗೆಯ ಮೇಲೆ ಎಂಟೆಂಟು ಪುಟ್ಟ ಸ್ವಿಚ್ಚುಗಳ ಎರಡು ಸಾಲುಗಳಿದ್ದವು. ಎಷ್ಟು ಫ್ಲಾಪಿ, ಎಂಥ ಪರದೆ, ಎಷ್ಟು ಮೆಮೊರಿ ಎಂಬುದನ್ನು ಪೆಟ್ಟಿಗೆ ಬಿಚ್ಚಿ, ಆ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ತಿಳಿಸಬೇಕು. 1984-85ರಲ್ಲಿ ಭಾರತ ಸರ್ಕಾರ ‘ಕ್ಲಾಸ್’ ಯೋಜನೆಯಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕೊಡತೊಡಗಿದಾಗ ಬಂದದ್ದು ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ. ಅದು ಎದ್ದೊಡನೆ ಪರದೆ ಹೇಗಿರಬೇಕೆಂಬಂಥ ಸಂಗತಿಗಳನ್ನು ನಿಶ್ಚಯಿಸಲು ಕೀಲಿಮಣೆಯ ಹಲಗೆಯ ಮೇಲೆ ಎಂಟು ಕೊಂಡಿಗಳ ಸಾಲಿತ್ತು. ಶಾಲಾ ಮಾಸ್ತರರು ಯಾರು ಕೀಲಿಮಣೆ ಬಿಚ್ಚಿಯಾರು? ಬಂದ ಹಾಗೆಯೇ ಇರಲಿ ಎಂದು ಬಿಟ್ಟವರೇ ಹೆಚ್ಚಿರಬೇಕು.

ಆದರೆ ಅದೇ ಕಂಪನಿ 1986ರಲ್ಲಿ ಬಿಬಿಸಿ ಮಾಸ್ಟರ್ ಎಂಬ ಯಂತ್ರ ಮಾಡಿದಾಗ ಸಂಗತಿ ಬದಲಾಯಿತು. ಒಂದು ನಕ್ಷತ್ರದ ಗುರುತು ಹಾಕಿ ‘ಸ್ಟೇಟಸ್’ ಎಂದು ಬರೆದರೆ, ತನ್ನೊಳಗಿನ ಸೆಟ್ಟಿಂಗುಗಳನ್ನೆಲ್ಲ ಅದು ಪರದೆಯ ಮೇಲೆ ಒಪ್ಪಿಸುತ್ತಿತ್ತು. ನಕ್ಷತ್ರ ಹಾಕಿ ‘ಕಾನ್ಫಿಗರ್’ ಎಂದು ಬರೆದು ಬೇಕಾದುದನ್ನು ಹೇಳಿದರೆ ಬದಲಿಸಿಕೊಳ್ಳುತ್ತಿತ್ತು. ಸ್ಕ್ರೂಡ್ರೈವರ್ ಬೇಡ, ಎರಡು ಶಬ್ದ ಸಾಕು. ಶಾಲೆಗಾಗಿ ಮಾಡಿದ ಯಂತ್ರ ಮೇಷ್ಟರಿಗೆ ತನ್ನ ಹಣೆಯನ್ನು ತೋರಿಸಿತೆಂಬುದು ನನಗೆ ಮೆಚ್ಚಿಕೆಯಾದ ಸಂಗತಿ.

ಐಬಿಎಂ ದಾರಿ ಬೇರೆ. 1984ರ ‘ಎಟಿ’ ಮಾದರಿಯಲ್ಲಿ ಅವರು ಮೋಟೊರೋಲಾ ಕಂಪನಿಯ ಗಡಿಯಾರದ ಚಿಪ್ಪೊಂದನ್ನು ಕೂಡಿಸಿದರು. ಅದರಲ್ಲಿ 64 ಬೈಟುಗಳ ಜಾಗ. 14 ಗಡಿಯಾರಕ್ಕೆ, 50 ಸೆಟ್ಟಿಂಗುಗಳಿಗೆ. ಯಂತ್ರ ಮಲಗಿದಾಗಲೂ ಅದನ್ನು ಎಚ್ಚರವಾಗಿಡಲು ಒಂದು ಬ್ಯಾಟರಿ. ಜನ ಅದನ್ನು ‘ಸಿಮಾಸ್’ ಎಂದು ಕರೆಯತೊಡಗಿದರು. ಬ್ಯಾಟರಿ ಸತ್ತರೆ ಗಡಿಯಾರವೂ ಸತ್ತಿತು, ಸೆಟ್ಟಿಂಗೂ ಅಳಿಸಿತು. ನಮ್ಮ ಆರು ಯಂತ್ರಗಳ ರೋಗದ ಮೂಲ ಇಲ್ಲಿತ್ತು, ನನಗೆ ಆಗ ಗೊತ್ತಿರಲಿಲ್ಲ ಅಷ್ಟೆ.

ಈ 64 ಮನೆಗಳನ್ನು ಡಾಸ್ ಕಾಲದ ಹುಡುಗರು ಆಜ್ಞೆಯಿಂದಲೇ ಇಣುಕಿ ನೋಡುತ್ತಿದ್ದರು. ‘ಡಿಬಗ್’ ಎಂಬ ಕಾರ್ಯಕ್ರಮವನ್ನು ತೆರೆದು, 70 ಎಂಬ ಬಾಗಿಲಿಗೆ ಮನೆಯ ಸಂಖ್ಯೆಯನ್ನು ಹೇಳುವುದು. 71 ಎಂಬ ಬಾಗಿಲಲ್ಲಿ ಆ ಮನೆಯೊಳಗಿನ ಅಂಕಿಯನ್ನು ಓದುವುದು, ಇಲ್ಲವೆ ಬೇರೆ ಅಂಕಿಯನ್ನು ಇಡುವುದು. ಕಿರಾಣಿ ಅಂಗಡಿಯ ಖಾತೆ ಪುಸ್ತಕದಲ್ಲಿ ಪುಟದ ಕೆಳಗೆ ಮೊತ್ತ ಬರೆಯುತ್ತಾರಲ್ಲ, ಸಿಮಾಸ್‌ನಲ್ಲಿಯೂ ಹಾಗೊಂದು ಮೊತ್ತವಿರುತ್ತದೆ. ಬೇಕೆಂದೇ ಆ ಮೊತ್ತವನ್ನು ತಪ್ಪಿಸಿದರೆ ಯಂತ್ರ ಮರುದಿನ ಕೂಡಿಸಿ ನೋಡಿ, ತಾಳೆಯಾಗದೆ, ಬರೆದದ್ದನ್ನೆಲ್ಲ ಬಿಟ್ಟು ಕಾರ್ಖಾನೆಯ ಮೊದಲ ಸ್ಥಿತಿಗೆ ಮರಳುತ್ತಿತ್ತು. ಅನೇಕ ಯಂತ್ರಗಳಲ್ಲಿ ಆ ಹಿಂದಿನ ಪಾಸ್‌ವರ್ಡ್ ಕೂಡ ಹೋಗುತ್ತಿತ್ತು. 1990ರ ದಶಕದ ರಿಪೇರಿ ಹುಡುಗರ ಕಿಸೆಯ ಚೀಟಿಗಳಲ್ಲಿ ಈ ಎರಡು ಮೂರು ಸಾಲುಗಳು ಮಂತ್ರದಂತೆ ಇರುತ್ತಿದ್ದವು. ಸನ್ ಕಂಪನಿಯ ದೊಡ್ಡ ಯಂತ್ರಗಳಲ್ಲಿ ಕದ್ದು ನೋಡುವ ಗೊಡವೆಯೇ ಇರಲಿಲ್ಲ. ‘ಈಪ್ರಾಮ್’ ಎಂಬ ಆಜ್ಞೆ ಕೊಟ್ಟರೆ ಸೆಟ್ಟಿಂಗುಗಳ ಪಟ್ಟಿಯೇ ಬರುತ್ತಿತ್ತು. ಆ ಬಗೆಯ ಫರ್ಮ್‌ವೇರಿಗೆ 1994ರಲ್ಲಿ ಮಾನಕವೂ ಆಯಿತು.

ಇನ್ನು ನಮ್ಮ ಕೋಣೆಗೆ ಬರುತ್ತೇನೆ. ಯಂತ್ರಗಳ ಮೈಮೇಲೆ ‘ಬಿಚ್ಚಬಾರದು, ಒಳಗಿನ ಸೆಟ್ಟಿಂಗ್ ಬದಲಿಸಬಾರದು’ ಎಂಬ ಚೀಟಿ ಅಂಟಿತ್ತು. ಒದಗಿಸಿದವರಿಗೆ ಪತ್ರ ಬರೆದೆವು, ಫೋನು ಮಾಡಿದೆವು. ನಿರ್ವಹಣೆಯ ಕರಾರು ಮುಗಿದಿದೆ ಎಂಬ ಉತ್ತರ ಬಂತು. ಕರಾರು ಮುಗಿದಿತ್ತು, ಚೀಟಿಯ ಭಯ ಮಾತ್ರ ಮುಗಿದಿರಲಿಲ್ಲ. 2011ರಿಂದ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ನಾನು ಉಬುಂಟು ಕಲಿತಿದ್ದೆ. ಆದರೆ ಅದರಲ್ಲಿಯ ಟರ್ಮಿನಲ್ ಎಂಬ ಕಿಟಕಿಯನ್ನು ಕಂಡರೆ, ಅಡಿಗೆ ಮನೆಯಲ್ಲಿ ಹಲ್ಲಿ ಕಂಡಂತೆ ದೂರ ಸರಿಯುತ್ತಿದ್ದೆ.

ಆ ಕಿಟಕಿ ತೆರೆದವಳು ಇಳಕಲ್ಲಿನ ನೇಕಾರರ ಮನೆಯ ಹುಡುಗಿ. ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದ ಅಣ್ಣನಿಂದ ಕಲಿತಿದ್ದಳು. ಮೊದಲು ‘ಡೇಟ್’ ಎಂದು ಬರೆದಳು. 2002ರ ಜನವರಿ. ಆಮೇಲೆ ನನ್ನಿಂದ ಪಾಸ್‌ವರ್ಡ್ ಹಾಕಿಸಿಕೊಂಡು ‘ಎಚ್‌ಡಬ್ಲ್ಯೂಕ್ಲಾಕ್’ ಎಂದು ಬರೆದಳು. ಹಲಗೆಯ ಮೇಲಿನ ಗಡಿಯಾರವನ್ನೇ ಕೇಳುವ ಆಜ್ಞೆ ಅದು. ಅದೂ 2002 ಎಂದೇ ಹೇಳಿತು. “ತಪ್ಪು ಉಬುಂಟುದ್ದಲ್ರಿ ಟೀಚರ್. ಕೆಳಗಿನ ಗಡಿಯಾರನ ಹಂಗ ಹೇಳಾಕತ್ತೈತ್ರಿ” ಎಂದಳು. ಸಾಕ್ಷಿಯನ್ನು ಮಾತ್ರ ಕೇಳದೆ, ಸಾಕ್ಷಿಗೆ ಹೇಳಿಕೊಟ್ಟವರನ್ನೂ ಕೇಳಬೇಕೆಂಬ ಪಾಠವನ್ನು ನಾನು ಪ್ರತಿ ವರ್ಷ ಮಾಡುತ್ತಿದ್ದೆ. ಅವಳು ಅದನ್ನು ನನಗೇ ಮಾಡಿ ತೋರಿಸಿದಳು.

ಸರಿಯಾದ ದಿನವನ್ನು ಆಜ್ಞೆ ಕೊಟ್ಟು ತಿದ್ದಿದೆವು, ಅದನ್ನು ಗಡಿಯಾರಕ್ಕೂ ಬರೆದೆವು, ಮತ್ತೆ ಓದಿದೆವು. ಸರಿಯಿತ್ತು. ನನಗೆ ಶಾಸನ ಓದಿದಷ್ಟು ಸಂತೋಷವಾಯಿತು. ಮರುದಿನ ಮುಂಜಾನೆ ನೋಡಿದರೆ ಮತ್ತೆ 2002. “ಬರಿಯೂದು ಬಂತ್ರಿ. ಅದಕ್ಕ ನೆನಪ ಹಿಡಿಯಾಕ ಆಗವಲ್ದು” ಎಂದಳು ಹುಡುಗಿ. ಮುಖ್ಯ ಗುರುಗಳು ಒಪ್ಪಿದರು. ಚೀಟಿ ಹರಿದು ಪೆಟ್ಟಿಗೆ ಬಿಚ್ಚಿದೆವು. ನಾಲ್ಕಾಣೆ ನಾಣ್ಯದ ಹಾಗೆ ದುಂಡಗಿನ, 3 ವೋಲ್ಟಿನ ಸೆಲ್ಲು ಒಳಗಿತ್ತು. ಇಳಕಲ್ಲಿನ ವಾಚ್ ರಿಪೇರಿ ಅಂಗಡಿಯಲ್ಲಿ ಅಂಥವೇ ಆರು ತಂದು ಹಾಕಿದೆವು. ಗಡಿಯಾರ ತಿದ್ದಿ, ರಾತ್ರಿ ಕಳೆದು ನೋಡಿದೆವು. ಎರಡು ವರ್ಷದ ಜನವರಿ ಒಂದು ಅಂದಿಗೆ ಮುಗಿಯಿತು.

ಆ ಯಂತ್ರಗಳು ಈಗ ಗುಜರಿ ಸೇರಿವೆ. ಬಯಾಸ್‌ನ ಜಾಗಕ್ಕೆ ಯುಇಎಫ್‌ಐ ಬಂದಿದೆ. ಇಂಟೆಲ್ ಕಂಪನಿ 1990ರ ದಶಕದ ಕೊನೆಯಲ್ಲಿ ತನ್ನ ಇಟೇನಿಯಂ ಯಂತ್ರಗಳಿಗಾಗಿ ಆರಂಭಿಸಿದ ಕೆಲಸವನ್ನು 2005ರಲ್ಲಿ ಹಲವು ಕಂಪನಿಗಳ ಕೂಟ ವಹಿಸಿಕೊಂಡಿತು. ಈಗ ಸೆಟ್ಟಿಂಗುಗಳಿರುವುದು ಬ್ಯಾಟರಿ ಸತ್ತರೂ ಅಳಿಯದ ಫ್ಲ್ಯಾಶ್ ಚಿಪ್ಪಿನಲ್ಲಿ. ಬ್ಯಾಟರಿಯ ಹಂಗು ಗಡಿಯಾರಕ್ಕೆ. ಲಿನಕ್ಸಿನಲ್ಲಿ ‘ಇಎಫ್‌ಐ ಬೂಟ್ ಮ್ಯಾನೇಜರ್’ ಎಂಬ ಆಜ್ಞೆ ಯಾವುದರಿಂದ ಮೊದಲು ಎದ್ದೇಳಬೇಕೆಂಬ ಸಾಲನ್ನು ತೋರಿಸುತ್ತದೆ. ಸಾಲನ್ನು ಬದಲಿಸಲೂ ಬಿಡುತ್ತದೆ.

ಹಣೆಬರಹಕ್ಕೆ ಕೈ ಹಾಕುವುದು ಆಟವಲ್ಲವೆಂಬುದನ್ನೂ ಹೇಳಬೇಕು. 2013ರಲ್ಲಿ ಲಿನಕ್ಸ್ ಹಾಕಲು ಹೋಗಿ ಕೆಲವು ಸ್ಯಾಮ್‌ಸಂಗ್ ಲ್ಯಾಪ್‌ಟಾಪುಗಳು ಮತ್ತೆ ಏಳದಂತೆ ಮಲಗಿದವು. ದೋಷ ಅವುಗಳ ಫರ್ಮ್‌ವೇರಿನಲ್ಲಿತ್ತು. 2016ರಲ್ಲಿ ಎಲ್ಲ ಕಡತಗಳನ್ನೂ ಅಳಿಸುವ ಆಜ್ಞೆ ಕೊಟ್ಟವರ ಲ್ಯಾಪ್‌ಟಾಪೊಂದರಲ್ಲಿ, ಕಡತಗಳ ರೂಪದಲ್ಲಿ ಕಾಣುತ್ತಿದ್ದ ಈ ಸೆಟ್ಟಿಂಗುಗಳೂ ಅಳಿಸಿಹೋಗಿ ಯಂತ್ರವೇ ಕಲ್ಲಾಯಿತು. ಆ ಮೇಲೆ ಲಿನಕ್ಸ್ ಮಾಡುವವರು ಅಂಥವು ಸುಲಭವಾಗಿ ಅಳಿಯದಂತೆ ಬೀಗ ಹಾಕಿದರು. ಓದುವ ಆಜ್ಞೆ ಬೇರೆ, ಬರೆಯುವ ಆಜ್ಞೆ ಬೇರೆ. ಮೊದಲು ಓದಿ, ಇದ್ದದ್ದನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಆಮೇಲೆ ಬರೆಯಬೇಕು. ಇದು ನಾನು ಮಕ್ಕಳಿಗೆ ಹಾಕಿಕೊಟ್ಟ ನೇಮ.

2021ರಿಂದ ಲಿನಕ್ಸಿನಲ್ಲಿ, ಇದಕ್ಕೆ ಒಪ್ಪುವ ಕೆಲವು ಕಂಪನಿಗಳ ಯಂತ್ರಗಳಲ್ಲಿ, ಸೆಟ್ಟಿಂಗುಗಳನ್ನು ಒಂದೊಂದಾಗಿ ಬಿಡಿಸಿ ನೋಡುವ ಏರ್ಪಾಡು ಬಂದಿದೆ. ಈಗಿರುವ ಬೆಲೆ ಯಾವುದು, ಕಾರ್ಖಾನೆ ಇಟ್ಟ ಬೆಲೆ ಯಾವುದು, ಇಡಲು ಸಾಧ್ಯವಿರುವ ಬೆಲೆಗಳು ಯಾವುವು ಎಂದು ಬೇರೆ ಬೇರೆ ತೋರಿಸಬಲ್ಲದು. ಇದನ್ನು ಓದಿದ ದಿನ ನನಗೆ ಆ ಅಂಟಿಸಿದ ಚೀಟಿ ನೆನಪಾಯಿತು. ನಾವು ಎರಡು ವರ್ಷ ಸುಮ್ಮನಿದ್ದದ್ದು ಬದಲಿಸಲು ಆಗದು ಎಂದಲ್ಲ. ಬದಲಿಸಬಹುದಾದದ್ದು ಇದೆ ಎಂದೇ ತಿಳಿಯದೆ.

ಕಡತಗಳ ಕಥೆ ಹೇಳಿ ಮುಗಿಸುತ್ತೇನೆ. ಹೋದ ತಾರೀಖನ್ನು ಯಾವ ಆಜ್ಞೆಯೂ ತಂದುಕೊಡಲಿಲ್ಲ. ಆಗ ಶಾಸನಗಳ ಕಾಲ ನಿರ್ಣಯಿಸುವ ಹಾಗೆ ಬರಹದೊಳಗೇ ಹುಡುಕಿದೆವು. ಒಂದರಲ್ಲಿ “ಮೊನ್ನಿ ಬನಶಂಕರಿ ಜಾತ್ರಿಗೆ ಹೋಗಿದ್ದೆ” ಎಂಬ ಮಾತಿತ್ತು. ಬನದ ಹುಣ್ಣಿಮೆಯ ಆಚೀಚೆ ಎಂದು ಅದನ್ನು ಗುರುತಿಸಿದೆವು. ಹೀಗೆ 23ರಲ್ಲಿ 14 ಬರಹಗಳಿಗೆ ತಿಂಗಳಾದರೂ ಸಿಕ್ಕಿತು.

ಆ ವರ್ಷ ಮಕ್ಕಳನ್ನು ಬಾದಾಮಿಗೂ ಐಹೊಳೆಗೂ ಕರೆದುಕೊಂಡು ಹೋದಾಗ ನಾನು ಶಿಲ್ಪಗಳಿಗಿಂತ ತಾರೀಖುಗಳ ಮುಂದೆ ಹೆಚ್ಚು ಹೊತ್ತು ನಿಂತೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶ ಬರೆಸಿದ ಶಾಸನ ಶಕ ವರ್ಷ 500 ಎನ್ನುತ್ತದೆ. ಅಂದರೆ ಕ್ರಿ.ಶ. 578. ಅಷ್ಟಕ್ಕೇ ಬಿಡದೆ, ಅಣ್ಣ ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷ, ಕಾರ್ತಿಕ ಹುಣ್ಣಿಮೆ ಎಂದೂ ಹೇಳುತ್ತದೆ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ ಭಾರತ ಯುದ್ಧದಿಂದ 3735 ವರ್ಷ ಎಂದೂ, ಶಕ 556 ಎಂದೂ ಎರಡು ಎಣಿಕೆ ಕೊಟ್ಟಿದ್ದಾನೆ. ಅದು ಕ್ರಿ.ಶ. 634-35. ಒಂದು ಎಣಿಕೆ ಜಾರಿದರೆ ಇನ್ನೊಂದು ಹಿಡಿದೀತು. ಬ್ಯಾಟರಿಯಿಲ್ಲದ ಕಲ್ಲಿನ ಮೇಲೆ ಬರೆದವರೇ ಇಷ್ಟು ಎಚ್ಚರ ವಹಿಸಿದ್ದರು. ನಾನು ಮೂರು ವೋಲ್ಟಿನ ಸೆಲ್ಲನ್ನು ನಂಬಿದ್ದೆ.

ಅಂದಿನಿಂದ ನಮ್ಮ ಮಕ್ಕಳು ಏನೇ ಬೆರಳಚ್ಚು ಮಾಡಲಿ, ಮೊದಲ ಸಾಲಿನಲ್ಲಿ ಇಸವಿಯ ತಾರೀಖು, ಎರಡನೆಯ ಸಾಲಿನಲ್ಲಿ ಸಂವತ್ಸರ, ಮಾಸ, ತಿಥಿ ಬರೆಯುತ್ತಾರೆ. ಯಂತ್ರದ ತಾರೀಖು ಅದರ ಪಾಡಿಗೆ ಇರುತ್ತದೆ.

ಹಳೆಯ ಬಾಗಲಕೋಟೆಯ ಅಜ್ಜಿಯ ಬರಹ ಆ 14ರಲ್ಲಿ ಸೇರಲಿಲ್ಲ. ಅದರಲ್ಲಿ ಜಾತ್ರೆಯಿಲ್ಲ, ಹಬ್ಬವಿಲ್ಲ; ಒಂದು ಓಣಿಯಿದೆ, ಮನೆಗಳಿವೆ, ಯಾರ ಮನೆಯ ಕಟ್ಟೆ ಎಷ್ಟು ಎತ್ತರವಿತ್ತೆಂಬುದಿದೆ. ಮೊಮ್ಮಗಳಿಗೆ ಪ್ರತಿ ತೆಗೆದು ಕೊಟ್ಟೆ. ಮೇಲಿನ ಸಾಲಿನಲ್ಲಿ ‘ಹೇಳಿದ ಕಾಲ: 2011ರ ಜೂನ್ ತಿಂಗಳಿಗೂ 2012ರ ಡಿಸೆಂಬರ್ ತಿಂಗಳಿಗೂ ನಡುವೆ’ ಎಂದು ನಾನೇ ಕೈಯಿಂದ ಬರೆದೆ. ಅವಳು ಅದನ್ನು ಎರಡು ಸಲ ಓದಿ, ಮಡಚಿ ಚೀಲದಲ್ಲಿಟ್ಟುಕೊಂಡು ಹೋದಳು.