ವೈನ್ ಬಾಟಲಿಯ ಸಲ್ಫೈಟ್ ಬೆಲ್ಲದ ಅಚ್ಚಿನಲ್ಲೂ ಇದೆಯೆ?

ಮಂಡ್ಯ: ವೈನ್ ಬಾಟಲಿಯ ಮೇಲೆ ‘ಸಲ್ಫೈಟ್ ಇದೆ’ ಎಂಬ ಸೂಚನೆ ಕಂಡು ಹಿಂಜರಿಯುವ ನಗರವಾಸಿಗಳು ಕಡಿಮೆಯೇನಿಲ್ಲ. ಆದರೆ ಹಬ್ಬದ ಹೋಳಿಗೆಗೆಂದು ತಂದ ಬೆಳ್ಳನೆಯ ಬೆಲ್ಲದಲ್ಲೂ ಅದೇ ಗಂಧಕದ ಅಂಶ ಇರಬಹುದೆಂಬುದು ಅನೇಕರಿಗೆ ತಿಳಿಯದು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಆಲೆಮನೆಗಳ ಬೆಲ್ಲವನ್ನು ಬಳಸುವವರು ಇದನ್ನು ಅರಿತಿರುವುದು ಒಳಿತು.

ಸಲ್ಫೈಟ್ ಎಂದರೇನು?

ಗಂಧಕದ ಡೈಆಕ್ಸೈಡ್ ಹಾಗೂ ಅದರ ಲವಣಗಳಿಗೆ ಸಲ್ಫೈಟ್ ಎಂದು ಹೆಸರು. ವೈನ್ ಕಂದುಬಣ್ಣಕ್ಕೆ ತಿರುಗದಂತೆ, ಸೂಕ್ಷ್ಮಜೀವಿಗಳಿಂದ ಕೆಡದಂತೆ ಇದು ಕಾಪಾಡುತ್ತದೆ. ಹುದುಗುವಾಗ ಯೀಸ್ಟ್ ಕೂಡ ಇದನ್ನು ಅಲ್ಪ ಪ್ರಮಾಣದಲ್ಲಿ ಉತ್ಪಾದಿಸುವುದರಿಂದ, ಸಲ್ಫೈಟ್ ಲವಲೇಶವೂ ಇಲ್ಲದ ವೈನ್ ಅಪರೂಪ. ಐರೋಪ್ಯ ಒಕ್ಕೂಟದಲ್ಲಿ ಸಿಹಿಯಿಲ್ಲದ ಕೆಂಪು ವೈನ್‌ಗೆ ಲೀಟರಿಗೆ 150 ಮಿಲಿಗ್ರಾಂ, ಬಿಳಿ ವೈನ್‌ಗೆ 200 ಮಿಲಿಗ್ರಾಂ ಮಿತಿಯಿದೆ. ಕೆಂಪು ವೈನ್‌ನಿಂದ ತಲೆನೋವು ಬರಲು ಸಲ್ಫೈಟೇ ಕಾರಣವೆಂಬ ನಂಬಿಕೆಗೆ ಬಲವಾದ ಆಧಾರವಿಲ್ಲ. ಆದರೆ ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್‌ನಿಂದ ಉಸಿರಾಟದ ತೊಂದರೆ ಉಂಟಾಗಬಹುದು.

ಆಲೆಮನೆಗೆ ಬಂದುದು ಹೇಗೆ?

ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸುವಾಗ ಕಲ್ಮಶ ತೆಗೆಯಲು ಸುಣ್ಣವನ್ನೂ ಬೆಂಡೆ ಗಿಡದ ಲೋಳೆಯನ್ನೂ ಬಳಸುವುದು ಹಳೆಯ ಪದ್ಧತಿ. ಹೀಗೆ ತಯಾರಾದ ಬೆಲ್ಲ ಸಾಮಾನ್ಯವಾಗಿ ಕಂದುಬಣ್ಣದ್ದಾಗಿರುತ್ತದೆ. ಆದರೆ ಮಾರುಕಟ್ಟೆಯಲ್ಲಿ ತಿಳಿಬಣ್ಣದ ಬೆಲ್ಲಕ್ಕೆ ಬೇಡಿಕೆ ಹೆಚ್ಚು. ಆದ್ದರಿಂದಲೇ ಬಣ್ಣ ತೆಗೆಯುವ ‘ಹೈಡ್ರೋಸ್’, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಆಲೆಮನೆಗಳನ್ನು ಪ್ರವೇಶಿಸಿತು. ಇದರಿಂದ ಬಂದ ಹೊಳಪು ಶಾಶ್ವತವಲ್ಲ. ಸಂಗ್ರಹಿಸಿಟ್ಟಂತೆ ಬೆಲ್ಲ ಮತ್ತೆ ಕಪ್ಪಾಗುತ್ತದೆ, ಗಂಧಕದ ಅಂಶ ಮಾತ್ರ ಉಳಿಯಬಹುದು. ಭಾರತದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಕಬ್ಬಿನ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 70 ಭಾಗವನ್ನು, ಅಂದರೆ ಕಿಲೋಗೆ 70 ಮಿಲಿಗ್ರಾಮನ್ನು, ಮೀರುವಂತಿಲ್ಲ.

ಗಂಧಕ ಈ ಜಿಲ್ಲೆಗೆ ಹೊಸತೇನಲ್ಲ. ಮೈಸೂರು ಸಕ್ಕರೆ ಕಂಪನಿ 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಭಾರತದ ಬಹುತೇಕ ಸಕ್ಕರೆ ಕಾರ್ಖಾನೆಗಳಲ್ಲಿ ಬಿಳಿ ಸಕ್ಕರೆಗಾಗಿ ಕಬ್ಬಿನ ರಸಕ್ಕೆ ಗಂಧಕದ ಅನಿಲ ಹಾಯಿಸುವುದು ರೂಢಿಯ ಕ್ರಮ. ಅಲ್ಲಿ ರಸಾಯನ ಬೆರೆಸುವ ಕೆಲಸ ನಿಯಂತ್ರಣದಲ್ಲಿ ನಡೆಯುತ್ತದೆ. ಸಣ್ಣ ಆಲೆಮನೆಯಲ್ಲಿ ಅಳತೆ ಬಹುತೇಕ ಕೈಯಂದಾಜಿಗೆ ಬಿಟ್ಟದ್ದು.

ಕೊಳ್ಳುವಾಗ ಗಮನಿಸಿ

ತೀರ ಬೆಳ್ಳಗಿನ ಅಥವಾ ಥಳಥಳಿಸುವ ಹಳದಿ ಬೆಲ್ಲದ ಬಗ್ಗೆ ಎಚ್ಚರವಿರಲಿ. ಆದರೂ ಬಣ್ಣವೊಂದೇ ಸಾಕ್ಷಿಯಲ್ಲ. ಕಬ್ಬಿನ ತಳಿ ಹಾಗೂ ಮಣ್ಣಿನ ಗುಣದಿಂದಲೂ ಬೆಲ್ಲದ ಬಣ್ಣ ಬದಲಾಗುತ್ತದೆ. ಸಲ್ಫೈಟ್ ಪ್ರಮಾಣವನ್ನು ಖಚಿತವಾಗಿ ತಿಳಿಸುವುದು ಪ್ರಯೋಗಾಲಯದ ಪರೀಕ್ಷೆ ಮಾತ್ರ. ಪೊಟ್ಟಣದ ಬೆಲ್ಲವಾದರೆ ಲೇಬಲ್ ಓದಬೇಕು, ಬಿಡಿ ಬೆಲ್ಲವಾದರೆ ತಯಾರಿಕೆಯ ವಿಧಾನವನ್ನು ವಿಚಾರಿಸಬೇಕು. ಆಸ್ತಮಾ ಇರುವವರು ವೈದ್ಯರ ಸಲಹೆ ಪಡೆಯುವುದು ಸೂಕ್ತ.

ಕೇಂದ್ರ ಸರ್ಕಾರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಡಿ ಮಂಡ್ಯಕ್ಕೆ ಆಯ್ಕೆಯಾಗಿರುವುದು ಬೆಲ್ಲವೇ. ಗ್ರಾಹಕರು ಕಂದು ಅಚ್ಚನ್ನು ಕೇಳಿ ಕೊಳ್ಳತೊಡಗಿದರೆ, ಆಲೆಮನೆಯವರು ಹೈಡ್ರೋಸ್ ಕೈಬಿಡಲು ಅದಕ್ಕಿಂತ ದೊಡ್ಡ ಪ್ರೇರಣೆ ಬೇಕಿಲ್ಲ.